ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ

ಕಳ್ಳಂಬೆಳ್ಳದಲ್ಲಿರುವ ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಅವಳು ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಕನ್ನಡ ಪುಟದಲ್ಲಿ ಕೋಷ್ಟಕ ಬಂದರೆ ಸಾಕು, ಅದು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿತ್ತು.

ಅದು ಓಪನ್ ಸೋರ್ಸ್. ಯಾರು ಬೇಕಾದರೂ ಅದರ ಕೋಡ್ ತಿದ್ದಿ ಕಳಿಸಬಹುದು. ನೋಡಿಕೊಳ್ಳುವವರು ಒಪ್ಪಿದರೆ ತಿದ್ದುಪಡಿ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಮಧುಗಿರಿಯಲ್ಲಿ ಕಾಲೇಜು ಓದುತ್ತಿದ್ದ ನಾನು ಅದರ ಹಿಂದೆ ಬಿದ್ದೆ. ಅದನ್ನು ನೋಡಿಕೊಳ್ಳುತ್ತಿದ್ದವನು ಯಾವುದೋ ದೇಶದ ಒಬ್ಬಾತ. ತನ್ನ ಕೆಲಸ ಮುಗಿಸಿ ಬಂದು, ನನ್ನ ತಪ್ಪುಗಳನ್ನು ಬೇಸರವಿಲ್ಲದೆ ತೋರಿಸಿಕೊಡುತ್ತಿದ್ದ. ನನ್ನ ಮೇಷ್ಟರುಗಳಲ್ಲಿ ಯಾರೂ ನನ್ನ ಕೋಡನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲ. ಇನ್ನೊಂದು ಸಣ್ಣ ಬದಲಾವಣೆ ಮಾಡು, ತೆಗೆದುಕೊಳ್ಳುತ್ತೇನೆ ಎಂದು ಬರೆದ. ಸುದ್ದಿ ಕೇಳಿದ ಅಕ್ಕ, ತನ್ನಂತೆಯೇ ಕಣ್ಣು ಕಾಣದ ಗೆಳತಿಯರಿಗೆಲ್ಲ ಫೋನ್ ಮಾಡಿದಳು. "ನನ್ ತಮ್ಮನೇ ಸರಿ ಮಾಡವ್ನೆ ಕಣಮ್ಮ, ಇನ್ನೇನ್ ಬಂದ್ಬುಡ್ತದೆ."

ಲ್ಯಾಬಿನಲ್ಲಿ ನನ್ನ ಪರದೆ ಇಣುಕಿ ನೋಡಿದ ಮೇಷ್ಟರು ಹಿಗ್ಗಿಹೋದರು. "ಎಲ್ರೂ ಇದಕ್ಕೇ ಒಂದೊಂದ್ ತಿದ್ದುಪಡಿ ಕಳಿಸ್ರಿ. ಪ್ರಾಜೆಕ್ಟ್ ಮಾರ್ಕ್ಸ್ ಇದ್ರಲ್ಲೇ ಕೊಡ್ತೀನಿ." ನಮ್ಮಲ್ಲಿ ಲ್ಯಾಬ್ ರೆಕಾರ್ಡನ್ನು ಒಬ್ಬ ಬರೆಯುತ್ತಾನೆ, ಉಳಿದವರು ಹೆಸರು ಬದಲಿಸಿ ಇಳಿಸಿಕೊಳ್ಳುತ್ತಾರೆ. ಅದನ್ನು ಯಾರೂ ಕಳ್ಳತನ ಎಂದುಕೊಂಡವರಲ್ಲ. ಹಾಗೆಯೇ ನನ್ನ ತಿದ್ದುಪಡಿಯನ್ನೂ ಇಳಿಸಿಕೊಂಡು ಇಡೀ ತರಗತಿ ಒಂದೇ ಮಧ್ಯಾಹ್ನ ಕಳಿಸಿಬಿಟ್ಟಿತು.

ಮಾರನೆಯ ದಿನ ನೋಡಿದರೆ ಆತ ಎಲ್ಲವನ್ನೂ ತಿರಸ್ಕರಿಸಿದ್ದ, ನನ್ನದೂ ಸೇರಿ. ಈ ಕಾಲೇಜಿನ ಸಹವಾಸ ಸಾಕು ಎಂದು ಬರೆದಿದ್ದ. ನಾನು ಅಂಗಲಾಚಿದೆ. ಹಂಚಿದವನು ನೀನೇ ತಾನೆ ಎಂಬ ಒಂದು ಸಾಲು ಬಂತು, ಆಮೇಲೆ ಉತ್ತರವೇ ಇಲ್ಲ. ಮೇಷ್ಟರು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು, ನನಗೂ ಕೊಟ್ಟರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಕ್ಕನ ಕಂಪ್ಯೂಟರಿಗೆ ನನ್ನ ತಿದ್ದುಪಡಿಯನ್ನು ನಾನೇ ಹಾಕಿಕೊಟ್ಟೆ. ಹೊಸ ಆವೃತ್ತಿ ಬಂದಾಗಲೆಲ್ಲ ಅದು ಅಳಿಸಿಹೋಗುತ್ತದೆ. ಶಿರಾ ಬಸ್ಸು ಹತ್ತಿ ಹೋಗಿ ಮತ್ತೆ ಹಾಕಿ ಬರುತ್ತೇನೆ. ಕೊರಟಗೆರೆ, ಪಾವಗಡ ಎಂದು ಎಲ್ಲೆಲ್ಲೋ ಇರುವ ಗೆಳತಿಯರ ಮನೆಗೆಲ್ಲ ಹೀಗೆ ತಿರುಗುವುದು ಆಗುವ ಮಾತಲ್ಲ.

ಹೋದ ಸಲ ಹಾಕಿ ಮುಗಿಸಿದ್ದೆ. ಕಂಪ್ಯೂಟರು ಕೋಷ್ಟಕವೊಂದನ್ನು ಸಾಲು ಸಾಲಾಗಿ ಓದುತ್ತಿತ್ತು. ಆಗಲೇ ಪಾವಗಡದ ಗೆಳತಿಯ ಫೋನ್ ಬಂತು. "ಇನ್ನೂ ಬಂದಿಲ್ವಲ್ಲ ಕಣಕ್ಕಾ, ಪರೀಕ್ಷೆ ಹತ್ರ ಬಂತು. ನಿಂಗ್ ಬಂತಾ?"

ಅಕ್ಕ ಕೀಲಿಗಳನ್ನು ತಡಕಿ ಕಂಪ್ಯೂಟರಿನ ದನಿಯನ್ನು ಪೂರ್ತಿ ತಗ್ಗಿಸಿದಳು.

"ನಂಗೂ ಬಂದಿಲ್ಲ ಕಣಮ್ಮ" ಎಂದಳು.