ಅತ್ತೆಯವರ ಪುಡಿ ಮಿಷನ್ನು

ನಾನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ನಮ್ಮ ಬೀದಿಯಲ್ಲಿ ಯಾರಿಗೆ ಕೆಮ್ಮು ನೆಗಡಿಯಾದರೂ ಮೊದಲು ಅತ್ತೆಯವರ ಹತ್ತಿರ ಬರುತ್ತಿದ್ದರು. ಹಿತ್ತಿಲಿನ ತುಳಸಿ, ಆಡುಸೋಗೆ ಎಲೆಗಳನ್ನು ಅವರು ನೆರಳಲ್ಲಿ ಒಣಗಿಸಿ, ಒಣಶುಂಠಿ, ಜೀರಿಗೆ ಸೇರಿಸಿ, ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಕಷಾಯದ ಪುಡಿ ಮಾಡುತ್ತಿದ್ದರು. ಒಂದು ಮಳೆಗಾಲ ಬಚ್ಚಲಲ್ಲಿ ಜಾರಿಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ಆ ಕೈಗೆ ಕುಟ್ಟುವ ಶಕ್ತಿ ಬರಲಿಲ್ಲ. ನಾನು ಕುಟ್ಟಿಕೊಟ್ಟರೆ, "ತರಿತರಿಯಾಗೈತೆ" ಎಂದು ಮುಖ ಸಿಂಡರಿಸುತ್ತಿದ್ದರು.

ಇದನ್ನು ನೋಡಿ ನಮ್ಮ ಮನೆಯವರು ಬೆಂಗಳೂರಿಗೆ ಹೋದಾಗ ಕೈಯಲ್ಲಿ ತಿರುಗಿಸುವ ಪುಡಿ ಮಿಷನ್ನು ತಂದರು. ಎರಕದ ಕಬ್ಬಿಣದ್ದು, ಗಟ್ಟಿ ಸಾಮಾನು. ಬೆಂಚಿನ ಅಂಚಿಗೆ ಕೂರಿಸಿ ತಿರುಪು ಬಿಗಿದರೆ ಅಲ್ಲಾಡುತ್ತಿರಲಿಲ್ಲ. ಮೇಲಿನ ಬಾಯಿಗೆ ಎಲೆ ಹಾಕಿ ಹಿಡಿ ತಿರುಗಿಸಿದರೆ, ಒಳಗೆ ಹಲ್ಲುಗಳಿದ್ದ ಎರಡು ಬಿಲ್ಲೆಗಳ ನಡುವೆ ಅರೆದು ಪುಡಿ ಕೆಳಕ್ಕೆ ಉದುರುತ್ತಿತ್ತು.

ಮೊದಲ ಸಲದ ಪುಡಿಯನ್ನು ಅತ್ತೆ ನಾಲಿಗೆಗೆ ಇಟ್ಟುಕೊಂಡವರೇ ಉಗಿದರು.

"ಕಬ್ಬಿಣ ನೆಕ್ಕಿದಂಗೈತೆ. ಎತ್ತಿ ಅಟ್ಟದ ಮೇಲಿಡು."

ನನಗೆ ಮನಸ್ಸು ಬರಲಿಲ್ಲ. ಹೊಸ ಬಾಣಲೆಯನ್ನು ಪಳಗಿಸುವ ಹಾಗೆ ಇದನ್ನೂ ಪಳಗಿಸಬೇಕೇನೋ ಎಂದುಕೊಂಡು ಹಿಡಿ ಹಿಡಿ ಅಕ್ಕಿ ಹಾಕಿ ತಿರುಗಿಸಿದೆ. ಹಿಟ್ಟು ಬೂದುಬಣ್ಣಕ್ಕೆ ಬಂತು. ಅದನ್ನು ಚೆಲ್ಲಿ, ಹಿಟ್ಟು ಬೆಳ್ಳಗಾಗುವವರೆಗೂ ಬಿಡದೆ ತಿರುಗಿಸಿದೆ. ಆಮೇಲೆ ಅದರಲ್ಲೇ ಮಾಡಿದ ಪುಡಿಯಿಂದ ಕಷಾಯ ಕಾಸಿ ಕೊಟ್ಟಾಗ ಅತ್ತೆ ಪೂರ್ತಿ ಕುಡಿದರು. ಮಾರನೆಯ ದಿನ ನೋಡಿದರೆ ತಾವೇ ಬೆಂಚಿನ ಪಕ್ಕ ನಿಂತು ಎಡಗೈಯಲ್ಲಿ ಹಿಡಿ ತಿರುಗಿಸುತ್ತಿದ್ದರು!

ಅಲ್ಲಿಂದ ಮುಂದೆ ಅದರ ಯಜಮಾನಿಕೆ ಅವರದೇ. ಹಸಿ ಎಲೆ ಹಾಕುವಂತಿರಲಿಲ್ಲ, ನೀರು ಸೋಕಿಸುವಂತಿರಲಿಲ್ಲ. ಕೆಲಸ ಮುಗಿದ ಮೇಲೆ ತಿರುಪು ಬಿಚ್ಚಿ, ಹಲ್ಲುಗಳ ಸಂದಿಯನ್ನೆಲ್ಲ ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗಿಡಬೇಕು. ಎಣ್ಣೆ ತಿರುಪಿಗೆ ಮಾತ್ರ. ಹಲ್ಲಿಗೆ ತಗುಲಿದರೆ ಪುಡಿ ಮೆತ್ತಿಕೊಳ್ಳುತ್ತದೆ.

ಪಕ್ಕದ ಮನೆಯ ಅಕ್ಕ ಗೌನಿಪಲ್ಲಿ ಕಡೆಯವರು, ಮನೆಮಾತು ತೆಲುಗು; ಅವರ ಗಂಡ ಬಸ್ ಕಂಡಕ್ಟರ್. ಅತ್ತೆ ಆವನಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಾಗ ಆಕೆ ಬಂದು, "ಮಿಷನ್ನು ಒಂದು ಗಳಿಗೆ ಕೊಡಮ್ಮಾ, ಧನಿಯಾ ಪುಡಿ ಮಾಡ್ಕೊಂಡು ತಂದ್ಬಿಡ್ತೀನಿ" ಎಂದರು. ಕೊಟ್ಟೆ. ಸಂಜೆ ಫಳಫಳ ಹೊಳೆಯುವಂತೆ ಒರೆಸಿ ತಂದಿಟ್ಟರು.

ಅತ್ತೆ ಊರಿಂದ ಬಂದ ಮೇಲೆ ಆ ಕಂಡಕ್ಟರಿಗೇ ಗಂಟಲು ಕಟ್ಟಿತು. ಅತ್ತೆ ರಾತ್ರಿಯೇ ಹೊಸದಾಗಿ ಪುಡಿ ಮಾಡಿ ಕಳಿಸಿದರು; ಮಿಷನ್ನು ಬಿಚ್ಚಿ ಉಜ್ಜುವುದನ್ನು ಬೆಳಿಗ್ಗೆಗೆ ಬಿಟ್ಟರು. ಬೆಳಿಗ್ಗೆ ಅಕ್ಕ ಪುಡಿಯ ಪೊಟ್ಟಣ ಹಿಡಿದುಕೊಂಡೇ ಬಂದರು.

"ದೊಡ್ಡಮ್ಮಾ, ಏಮಿಟಿದಿ? ಮದ್ದಾ, ಖಾರದ ಪುಡೀನಾ? ಒಂದು ಗುಟುಕು ಕುಡಿದು ಬಾವಿ ಹತ್ರ ಓಡಿದವ್ರು ಇನ್ನೂ ಕೆಮ್ತಾನೇ ಅವ್ರೆ!"

ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ನನ್ನ ಕಡೆ ತಿರುಗಿದರು.

"ನೀನೇನಾದ್ರೂ ಮೆಣಸಿನಕಾಯಿ ಹಾಕಿದ್ಯೇನೇ?"

"ಇಲ್ಲ ಅತ್ತೆ."

ಮಿಷನ್ನು ಒಯ್ದಿದ್ದ ಅಕ್ಕ ಎದುರಿಗೇ ನಿಂತಿರುವಾಗ ಅವರ ಹೆಸರು ಹೇಳಲು ಬಾಯಿ ಬರಲಿಲ್ಲ. ಅತ್ತೆ ತಿರುಪು ಬಿಚ್ಚಿ ಬಿಲ್ಲೆಗಳನ್ನು ಹೊರತೆಗೆದರು. ಹಲ್ಲುಗಳ ಸಂದಿಯಲ್ಲಿ ಕೆಂಪು ಪುಡಿ ಕಚ್ಚಿಕೊಂಡಿತ್ತು.

ಅದನ್ನು ನೋಡಿದ್ದೇ ತಡ, ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಧನಿಯಾ ಆದ್ಮೇಲೆ ನಾಕು ಒಣಮೆಣಸಿನಕಾಯಿನೂ ಹಾಕ್ದೆ ದೊಡ್ಡಮ್ಮಾ. ಚೆನ್ನಾಗಿ ಒರೆಸಿದ್ನಲ್ಲಾ!"

"ಮೇಲೆ ಒರೆಸಿದ್ರೆ ಒಳಗಿಂದು ಹೋಗ್ತದೇನೇ?" ಎಂದ ಅತ್ತೆಗೆ ನಗು ತಡೆಯಲಾಗಲಿಲ್ಲ. "ಪಾಪ, ಮೊದ್ಲು ಅವನಿಗೆ ಮಜ್ಜಿಗೆ ಕೊಡು ಹೋಗು. ಆಮೇಲೆ ಬಾ, ಬಿಚ್ಚೋದು ತೋರಿಸ್ತೀನಿ."

ಅಕ್ಕ ಬಂದು ಕಲಿತರು. ಅಕ್ಕಿ ಹಾಕಿ ಹಾಕಿ, ಖಾರದ ವಾಸನೆ ಹೋಗುವವರೆಗೂ ತಿರುಗಿಸಿದ್ದು ಅವರೇ. ಆಮೇಲೆ ಹೊಸ ಪುಡಿ ಮಾಡಿದೆವು. ಅವರ ಗಂಡ ಮಾತ್ರ ಬಹಳ ದಿನ, ಹೆಂಡತಿ ಒಂದು ಗುಟುಕು ಕುಡಿದು ತೋರಿಸದೆ ಲೋಟ ಮುಟ್ಟುತ್ತಿರಲಿಲ್ಲವಂತೆ.

ಎಂಬತ್ತರ ದಶಕದಲ್ಲಿ ನಮ್ಮ ಮನೆಗೂ ಮಿಕ್ಸಿ ಬಂತು. ಚಟ್ನಿ, ಸಾಂಬಾರಿಗೆ ಅತ್ತೆ ಅದನ್ನು ಒಪ್ಪಿಕೊಂಡರು. ಮದ್ದಿನೆಲೆ ಮಾತ್ರ ಅದರಲ್ಲಿ ಬಿಸಿಯಾಗಿ ಘಮ ಕಳೆದುಕೊಳ್ಳುತ್ತದೆ ಎನ್ನುತ್ತಿದ್ದರು. ಎಲೆ ಒಣಗಿದ ದಿನ ಅಕ್ಕನನ್ನು ಕೂಗಿ ಕರೆಯುತ್ತಿದ್ದರು. ಒಬ್ಬರು ಎಲೆ ಹಾಕಿದರೆ ಇನ್ನೊಬ್ಬರು ತಿರುಗಿಸುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬೀದಿಯ ಸುದ್ದಿಯನ್ನೆಲ್ಲ ಮಾತಾಡಿಕೊಳ್ಳುತ್ತಿದ್ದರು.