ಬಿಳಿ ಪೆಟ್ಟಿಗೆ, ನೀಲಿ ಪೆಟ್ಟಿಗೆ

ವಿಲ್ಮಾ ಕುಚೆರಾ ಅವರ ಕೊರಳಲ್ಲಿ ಸದಾ ಒಂದು ಕೀಲಿ ನೇತಾಡುತ್ತಿರುತ್ತದೆ. ಪ್ಲಮ್ ವ್ಯಾಲಿ ವಿಶ್ವವಿದ್ಯಾಲಯದ ಕ್ರೀಡಾಂಗಣದ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ, ತಂತಿ ಜಾಲರಿಯ ಒಂದು ಕೋಣೆಯಿದೆ, ಕೀಲಿ ಅದರದು. ಎರಡನೆಯ ಕೀಲಿ ಯಾರ ಬಳಿಯೂ ಇಲ್ಲ. ಸ್ನಾನಕ್ಕೆ ಹೋಗುವಾಗಲೂ ಅವರು ಅದನ್ನು ತೆಗೆದಿಡುವುದಿಲ್ಲ ಎನ್ನುತ್ತಾರೆ ಗಂಡ ಲೆನರ್ಡ್. "ಮದುವೆ ಉಂಗುರ ಎರಡು ಸಲ ಕಳ್ಕೊಂಡಿದ್ದಾಳೆ. ಆ ಕೀಲಿ ಮಾತ್ರ ಒಂದು ಸಲಾನೂ ಇಲ್ಲ."

ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡಗಳ, ಅಂದರೆ ಗಂಡಸರದೂ ಹೆಂಗಸರದೂ, ಜೆರ್ಸಿಗಳನ್ನು ಒಗೆದು, ಒಣಗಿಸಿ, ಹೊಲಿದು, ಪೆಟ್ಟಿಗೆಗೆ ತುಂಬುವುದು ವಿಲ್ಮಾ ಅವರ ಕೆಲಸ. ಅವರಿಗೆ ಅರವತ್ತಮೂರು ವರ್ಷ. ಇಪ್ಪತ್ತಾರು ವರ್ಷಗಳ ಹಿಂದೆ ಅವರು ಇದೇ ಆವರಣದ ಅಡುಗೆಮನೆಯಲ್ಲಿ ಮೇಜುಬಟ್ಟೆ ಒಗೆಯುತ್ತಿದ್ದರು. ಒಂದು ಸಂಜೆ ಪಂದ್ಯದ ನಡುವೆ ಆಟಗಾರ್ತಿಯೊಬ್ಬಳ ಮೂಗು ಒಡೆದು ಬಿಳಿ ಜೆರ್ಸಿ ರಕ್ತಮಯವಾಯಿತು. ಯಾರೋ ಅದನ್ನು ಹಿಡಿದು ಅಡುಗೆಮನೆಗೆ ಓಡಿಬಂದರು. ತಣ್ಣೀರು, ಉಪ್ಪು, ಹತ್ತು ನಿಮಿಷ. ವಿರಾಮ ಮುಗಿಯುವುದರೊಳಗೆ ಜೆರ್ಸಿ ಅಂಗಣಕ್ಕೆ ಮರಳಿತ್ತು, ಕಲೆಯಿಲ್ಲದೆ. ಮರುವಾರವೇ ವಿಲ್ಮಾ ಅವರಿಗೆ ಕೀಲಿ ಸಿಕ್ಕಿತು.

ಅವರು ಪಂದ್ಯ ನೋಡುವುದು ಕಡಿಮೆ. ಆದರೆ ಆಟಗಾರರ ವಿಚಾರದಲ್ಲಿ ತರಬೇತುದಾರರಿಗೆ ತಿಳಿಯದ ಸಂಗತಿಗಳು ಅವರಿಗೆ ತಿಳಿದಿರುತ್ತವೆ. ಯಾರು ಊಟ ಬಿಟ್ಟಿದ್ದಾರೆ, ಯಾರು ಕದ್ದು ಸಿಗರೇಟು ಸೇದುತ್ತಿದ್ದಾರೆ, ಯಾರು ಗೆಳತಿಯನ್ನು ಬದಲಿಸಿದ್ದಾರೆ, ಎಲ್ಲವನ್ನೂ ಬಟ್ಟೆಯೇ ಅವರಿಗೆ ಹೇಳುತ್ತದೆ. ಊಟದ ವಿಷಯವನ್ನು ಮಾತ್ರ ಅವರು ತರಬೇತುದಾರರಿಗೆ ಮುಟ್ಟಿಸುತ್ತಾರೆ. ಉಳಿದದ್ದು ತೊಳೆದ ನೀರಿನೊಂದಿಗೆ ಹೋಗುತ್ತದೆ.

ಪ್ರತಿ ಮಾರ್ಚಿನಲ್ಲಿ, ನದಿಯ ಮರಳುದಿಬ್ಬಗಳಿಗೆ ಕೊಕ್ಕರೆಗಳು ಬಂದಿಳಿಯುವ ಹೊತ್ತಿಗೆ, ಎರಡೂ ತಂಡಗಳು ಒಂದೇ ಬಸ್ಸಿನಲ್ಲಿ ಕೆಲ್ಟನ್ ಪಟ್ಟಣಕ್ಕೆ ಹೊರಡುತ್ತವೆ. ಎಂಟು ಕಾಲೇಜುಗಳ ಕಾನ್ಫರೆನ್ಸ್ ಟೂರ್ನಿ ನಡೆಯುವುದು ಅಲ್ಲಿ. ಬಸ್ಸಿನ ಹೊಟ್ಟೆಯಲ್ಲಿ ವಿಲ್ಮಾ ಅವರ ಎರಡು ತಗಡಿನ ಪೆಟ್ಟಿಗೆಗಳಿರುತ್ತವೆ, ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ನೀಲಿ. ಸಾಮಾನ್ಯ ಪಂದ್ಯಗಳಲ್ಲಿ ಬಿಳಿ ತೊಡುವುದು ತವರು ತಂಡ, ಆದರೆ ಟೂರ್ನಿಯಲ್ಲಿ ಯಾರಿಗೂ ತವರು ಅಂಗಣವಿಲ್ಲ. ಹಾಗಾಗಿ ಮೇಲಿನ ಶ್ರೇಯಾಂಕದ ತಂಡ ಬಿಳಿ ತೊಡಬೇಕು, ಕೆಳಗಿನ ಶ್ರೇಯಾಂಕದ ತಂಡ ಗಾಢ ಬಣ್ಣ. ಪ್ಲಮ್ ವ್ಯಾಲಿಯ ಹೆಂಗಸರು ಎಷ್ಟೋ ವರ್ಷಗಳಿಂದ ಮೊದಲನೆಯ ಶ್ರೇಯಾಂಕ ಬಿಟ್ಟುಕೊಟ್ಟಿಲ್ಲ. ಗಂಡಸರು ಹದಿನಾಲ್ಕು ವರ್ಷಗಳಿಂದ ಆರು, ಏಳು, ಎಂಟರಲ್ಲೇ ಇದ್ದರು. ಆದ್ದರಿಂದ ಬಿಳಿ ಪೆಟ್ಟಿಗೆ ಹೆಂಗಸರದು, ನೀಲಿ ಪೆಟ್ಟಿಗೆ ಗಂಡಸರದು. ಕೊನೆಯ ತವರು ಪಂದ್ಯ ಮುಗಿದ ಮೇಲೆ ಗಂಡಸರ ಬಿಳಿ ಜೆರ್ಸಿಗಳು ಕಪಾಟು ಸೇರಿದರೆ ಮತ್ತೆ ಹೊರಬರುತ್ತಿದ್ದುದು ಹೊಸ ಋತು ಶುರುವಾಗುವ ನವೆಂಬರಿನಲ್ಲೇ.

ಈ ವರ್ಷ ಗಂಡಸರ ತಂಡ ಕೊನೆಯ ಶನಿವಾರ ಗೆದ್ದು ನಾಲ್ಕನೆಯ ಶ್ರೇಯಾಂಕಕ್ಕೆ ಏರಿತು. ಊರಿನ ಕ್ಷೌರದಂಗಡಿಯ ಕಿಟಕಿಯಲ್ಲಿ ದೊಡ್ಡ ನಾಲ್ಕು ಬರೆದರು. ವಿಲ್ಮಾ ಕೂಡ ಆ ಸಂತೋಷಕ್ಕೆ ಮಂಗಳವಾರ ಏಪ್ರಿಕಾಟ್ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನುಗಳನ್ನು ಬೇಯಿಸಿ, ಪ್ರತಿಯೊಂದರ ಮೇಲೂ ಹಿಟ್ಟಿನ ಎಳೆಯಲ್ಲಿ ನಾಲ್ಕು ಎಂದು ಬರೆದು ಹಂಚಿದರು. ಮರುದಿನ, ಬುಧವಾರ, ಪೆಟ್ಟಿಗೆ ತುಂಬಿದರು. ಬಿಳಿಯಲ್ಲಿ ಹೆಂಗಸರ ಹನ್ನೆರಡು. ನೀಲಿಯಲ್ಲಿ ಗಂಡಸರ ಹನ್ನೆರಡು.

ಗುರುವಾರ ಮಧ್ಯಾಹ್ನ ಹೆಂಗಸರು ಮೊದಲ ಪಂದ್ಯವನ್ನು ಇಪ್ಪತ್ತೊಂದು ಅಂಕಗಳಿಂದ ಗೆದ್ದರು. ಗಂಡಸರ ಪಂದ್ಯ ನಾಲ್ಕೂವರೆಗೆ. ಎರಡು ಗಂಟೆ ಹತ್ತು ನಿಮಿಷಕ್ಕೆ ವಿಲ್ಮಾ ಗಂಡಸರ ಕೋಣೆಯಲ್ಲಿ ನೀಲಿ ಜೆರ್ಸಿಗಳನ್ನು ಗೂಟಕ್ಕೆ ನೇತುಹಾಕುತ್ತಿದ್ದಾಗ ಆರ್ನೆ ಹೌಗೆನ್ ಬಾಗಿಲಲ್ಲಿ ಇಣುಕಿದರು. ಆರ್ನೆ ಎದುರಾಳಿ ಲಿಂಡ್‌ಹೋಮ್ ಕಾಲೇಜಿನವರು, ವಿಲ್ಮಾ ಅವರದೇ ಕೆಲಸ, ಇಪ್ಪತ್ತು ವರ್ಷದ ಪರಿಚಯ.

"ಏನಮ್ಮಾ ವಿಲ್ಮಾ, ನಮ್ಮ ಹುಡುಗ್ರನ್ನ ಹೆದರಿಸೋಕೆ ಹೊಸ ಉಪಾಯಾನಾ?"

"ಏನು?"

"ನೀವು ನಾಲ್ಕು, ನಾವು ಐದು. ನಾನು ಹಸಿರು ತಂದಿದ್ದೀನಿ. ನೀನು ನೀಲಿ ನೇತಾಕ್ತಿದ್ದೀಯ."

ವಿಲ್ಮಾ ಕೈಯಲ್ಲಿದ್ದ ಜೆರ್ಸಿಯನ್ನು ನೋಡಿದರು. ಆಮೇಲೆ ಗೂಟದ ಮೇಲಿದ್ದ ಏಳನ್ನು ನೋಡಿದರು. ಆಮೇಲೆ ಕುಳಿತುಕೊಂಡರು.

"ಆರ್ನೆ, ನಿನ್ನ ಹತ್ರ ಬಿಳಿ ಇದ್ಯಾ?"

"ಇದ್ದಿದ್ರೆ ಈಗ್ಲೇ ಹಾಕಿಸ್ತಿದ್ದೆ. ದೇವರಾಣೆ, ಹಸಿರು ಬಿಟ್ರೆ ನನ್ನ ಸಾಕ್ಸ್ ಮಾತ್ರ ಇರೋದು."

ಟೂರ್ನಿಯ ನಿಯಮದಲ್ಲಿ ಎರಡು ಅರ್ಥವಿಲ್ಲ. ಪಂದ್ಯಕ್ಕೆ ಹತ್ತು ನಿಮಿಷ ಮೊದಲು, ಅಂದರೆ ನಾಲ್ಕು ಇಪ್ಪತ್ತಕ್ಕೆ, ಬಿಳಿ ಜೆರ್ಸಿಯ ಸಂಖ್ಯೆಗಳೂ ಹೆಸರುಗಳೂ ಸ್ಕೋರು ಪುಸ್ತಕದಲ್ಲಿ ಇರಬೇಕು. ಇಲ್ಲದಿದ್ದರೆ ಆಟವಿಲ್ಲ, ಪಂದ್ಯ ಲಿಂಡ್‌ಹೋಮಿಗೆ. ಪ್ಲಮ್ ವ್ಯಾಲಿ ಎರಡು ಗಂಟೆ ನಲವತ್ತು ನಿಮಿಷದ ದಾರಿ. ಜಾಲರಿ ಕೋಣೆಯ ಕೀಲಿ ವಿಲ್ಮಾ ಅವರ ಕೊರಳಲ್ಲಿ.

ಅವರು ನೇರವಾಗಿ ಗಂಡಸರ ತರಬೇತುದಾರ ಡೆಲ್ ಪ್ರಾಂಗರ್ ಅವರ ಬಳಿ ಹೋದರು. ಪ್ರಾಂಗರ್ ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

"ಗಂಡಸರ ಬಿಳಿ ತಂದಿಲ್ಲ, ಡೆಲ್. ತಪ್ಪು ನಂದು."

ಪ್ರಾಂಗರ್ ಅಗಿಯುವುದನ್ನು ನಿಲ್ಲಿಸಿದರು. "ಬಿಳಿ ಟೀ ಶರ್ಟಿಗೆ ಟೇಪಲ್ಲಿ ನಂಬರ್ ಅಂಟಿಸಿದ್ರೆ?"

"ಬೆವರಿಗೆ ಐದು ನಿಮಿಷ ನಿಲ್ಲಲ್ಲ. ಹೆಂಗಸರ ಜೆರ್ಸಿ ಕೇಳ್ತೀನಿ. ಎದೆ ಮೇಲೆ ಅದೇ ಕಾಲೇಜಿನ ಹೆಸರು, ಬೆನ್ನ ಮೇಲೆ ಬರೀ ನಂಬರ್. ನಿಯಮ ಇರೋದು ಅಂಗಿಗೆ, ಚಡ್ಡಿಗಲ್ಲ. ನೀಲಿ ಚಡ್ಡಿ ನಡಿಯುತ್ತೆ."

"ಸರಿ, ಹಾಗೇ ಹಾಕ್ಕೊಳ್ಳಲಿ."

"ಬೆವರಲ್ಲಿ ನೆಂದಿದ್ದಾವೆ. ಒಗೀದೆ ಯಾರ ಮೈಗೂ ಹಾಕ್ಸಲ್ಲ. ಇವತ್ತಿಗೆ ಒಂದು ತಪ್ಪು ಸಾಕು."

ಹೆಂಗಸರ ತಂಡ ಎದುರಿನ ಹೋಟೆಲಿನ ಮೂರನೆಯ ಮಹಡಿಯಲ್ಲಿತ್ತು. ವಿಲ್ಮಾ ಕಾರಿಡಾರಿನಲ್ಲಿ ನಿಂತು ವಿಷಯ ಹೇಳಿದರು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ನಗು ಬಾಗಿಲಿಂದ ಬಾಗಿಲಿಗೆ ಹಬ್ಬಿತು.

"ಅವರಿಗೆ ನಮ್ಮ ಜೆರ್ಸಿ ಬೇಕಂತಾ? ನಮ್ಮ ಪಂದ್ಯಕ್ಕೆ ಒಬ್ಬನೂ ಬಂದಿರ್ಲಿಲ್ಲ!"

"ಮಲಗಿದ್ರಂತೆ ಕಣೇ. ವಿಶ್ರಾಂತಿ ಅಂತೆ."

"ಕೊಡೋಣ. ಆದ್ರೆ ನಾಳೆ ನಮ್ಮ ಪಂದ್ಯದಲ್ಲಿ ಹನ್ನೆರಡು ಜನಾನೂ ಮುಂದಿನ ಸಾಲಲ್ಲಿ ಕೂತು ಕೂಗ್ಬೇಕು."

"ಮುಖಕ್ಕೆ ಬಣ್ಣ ಬಳ್ಕೊಂಡು!"

ಹನ್ನೊಂದು ಜೆರ್ಸಿಗಳು ಬುಟ್ಟಿಗೆ ಬಿದ್ದವು. ಹನ್ನೆರಡನೆಯದು ಬೀಳಲಿಲ್ಲ. ಅದು ಬ್ರಿಟಾ ಶ್ರೋಡರಳ ನಲವತ್ತನಾಲ್ಕು. ಬ್ರಿಟಾ ತಂಡದ ಅತಿ ಎತ್ತರದ ಆಟಗಾರ್ತಿ, ಆರು ಅಡಿ ನಾಲ್ಕು ಅಂಗುಲ. ಗಂಡಸರ ತಂಡದ ಆರಡಿ ಒಂಬತ್ತಂಗುಲದ ಟೋಬಿ ಎಂಬ್ರಿಯ ಭುಜಕ್ಕೆ ಇಳಿಯಬಹುದಾದ ಜೆರ್ಸಿ ಅದೊಂದೇ. ಟೋಬಿ ಇಲ್ಲದಿದ್ದರೆ ಗಂಡಸರು ನಾಲ್ಕನೆಯವರಾಗುತ್ತಲೂ ಇರಲಿಲ್ಲ.

ಬ್ರಿಟಾ ಜೆರ್ಸಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

"ಕೊಡ್ತೀನಿ, ಮಿಸೆಸ್ ಕೆ. ಆದ್ರೆ ಒಗೀಬಾರ್ದು. ಹಾಗೇ ಹಾಕ್ಕೊಳ್ಳಲಿ."

ಹಿಂದೆ ಬಂದು ನಿಂತಿದ್ದ ಟೋಬಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. "ನಾನು ಹಾಕ್ಕೊಳಲ್ಲ. ಇಲ್ಲೀವರೆಗೂ ವಾಸನೆ ಬರ್ತಿದೆ."

"ಜನವರಿಯಿಂದ, ಇವತ್ತಿನದು ಬಿಟ್ಟೇ, ಇದರಲ್ಲಿ ಹನ್ನೊಂದು ಪಂದ್ಯ ಗೆದ್ದಿದೀವಿ ಕಣೋ. ಅವತ್ತಿಂದ ಇದಕ್ಕೆ ನೀರು ಮುಟ್ಸಿಲ್ಲ. ಮಿಸೆಸ್ ಕೆ ಮಾತು ಕೊಟ್ಟಿದ್ದಾರೆ. ಒಗೆದ್ರೆ ಅದೃಷ್ಟ ಹೋಯ್ತು. ನಾಳೆ ಸೆಮಿಫೈನಲ್ ನೀನು ಆಡ್ತೀಯಾ?"

ಎಲ್ಲರೂ ವಿಲ್ಮಾ ಅವರ ಕಡೆ ತಿರುಗಿದರು. ಗಂಟೆ ಎರಡೂ ನಲವತ್ತು.

ಜನವರಿಯಲ್ಲಿ ಬ್ರಿಟಾ ಈ ಬೇಡಿಕೆ ಇಟ್ಟಾಗ ವಿಲ್ಮಾ 'ಸರಿ' ಎಂದಿದ್ದು ನಿಜ. ಅದೇ ಸಂಜೆ ಜೆರ್ಸಿಯನ್ನು ಉಳಿದವುಗಳ ಜೊತೆ ಯಂತ್ರಕ್ಕೆ ಹಾಕಿ, ಒಣಗಿದ ಮೇಲೆ ಮುದುರಿ, ಮುಷ್ಟಿಯಲ್ಲಿ ಹಿಂಡಿ, ಗೂಟಕ್ಕೆ ಸಿಕ್ಕಿಸಿದ್ದೂ ನಿಜ. ಹನ್ನೊಂದು ಪಂದ್ಯ, ಹನ್ನೊಂದು ಸಲ. ನಾಳೆ ಸೆಮಿಫೈನಲ್ ಇರುವ ಹುಡುಗಿಗೆ ಹೇಳುವ ಮಾತಲ್ಲ ಅದು. ಆದರೆ ಒಂದು ತಪ್ಪನ್ನು ಆಗಲೇ ಒಪ್ಪಿಕೊಂಡಿದ್ದ ಈ ದಿನ, ಸುಮ್ಮನಿದ್ದು ಉಳಿಸಿಕೊಳ್ಳುವಂಥ ಹೆಸರೇನೂ ಅವರ ಬಳಿ ಇರಲಿಲ್ಲ.

"ಬ್ರಿಟಾ, ನಾನು ಅದನ್ನ ಪ್ರತಿ ಸಲಾನೂ ಒಗೆದಿದ್ದೀನಿ."

"ಏನಂದ್ರಿ?"

"ಹನ್ನೊಂದು ಸಲ. ಬೆವರು ಬಿಟ್ಟು ಇಟ್ರೆ ಬಟ್ಟೆ ಹಳದಿ ಆಗುತ್ತೆ, ಹೊಲಿಗೆ ಕೊಳೀತದೆ. ನೀನು ನೋಡ್ಬಾರ್ದು ಅಂತ ಮುದುರಿ ಇಡ್ತಿದ್ದೆ."

ಬ್ರಿಟಾ ಜೆರ್ಸಿಯನ್ನು ಮುಂದಕ್ಕೆ ತಂದು ಮೂಸಿ ನೋಡಿದಳು, ಇಷ್ಟು ದಿನ ಅದೊಂದು ಮಾತ್ರ ಹೊಳೆಯದವಳಂತೆ.

"ಇದು ಇವತ್ತಿನ ವಾಸನೆ ಮಾತ್ರ," ಎಂದಳು.

"ಇವತ್ತಿಂದು ಮಾತ್ರ."

"ಅಂದ್ರೆ ಹನ್ನೊಂದೂ ಪಂದ್ಯ ಒಗೆದ ಜೆರ್ಸಿಲೇ ನಾನು ಗೆದ್ದಿದ್ದು."

"ಹೌದಮ್ಮಾ."

ಬ್ರಿಟಾ ಗೋಡೆಗೆ ಒರಗಿ ಮೊದಲು ಸದ್ದಿಲ್ಲದೆ, ಆಮೇಲೆ ಮಹಡಿಗೆಲ್ಲ ಕೇಳುವಂತೆ ನಕ್ಕಳು. "ಹಾಗಾದ್ರೆ ಅದೃಷ್ಟ ಇರೋದು ನಿಮ್ಮ ಸೋಪಲ್ಲಿ! ತಗೊಳ್ಳಿ, ಬೇಗ ಒಗೀರಿ. ಟೋಬಿ, ಹರಿದ್ರೆ ಮಾತ್ರ ನಿನ್ನ ಸುಮ್ನೆ ಬಿಡಲ್ಲ."

ಎರಡು ಬೀದಿ ಆಚೆ ನಾಣ್ಯ ಹಾಕಿ ಒಗೆಯುವ ಲಾಂಡ್ರಿಯಿತ್ತು. ಒಗೆಯಲು ಮೂವತ್ತು ನಿಮಿಷ, ತಣ್ಣೀರಲ್ಲಿ. ಯಂತ್ರದ ಬಿಸಿಗೆ ಹಾಕಿದರೆ ಸಂಖ್ಯೆಗಳು ಬಿರಿಯುತ್ತವೆ. ಬರೀ ಗಾಳಿಗಾದರೆ ಒಂದು ಗಂಟೆ ಬೇಕು, ಅಷ್ಟು ಹೊತ್ತಿಲ್ಲ. ಆಗ ನೆನಪಾದದ್ದು ಹೇರ್ ಡ್ರೈಯರ್. ಹೆಂಗಸರ ತಂಡದಲ್ಲಿ ಒಂಬತ್ತಿದ್ದವು. ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಹುಡುಗರು ಜೆರ್ಸಿಗಳನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಸಾಲಾಗಿ ನಿಂತರು, ಹುಡುಗಿಯರು ಎದುರು ನಿಂತು ಗಾಳಿ ಬಿಟ್ಟರು. ಮೂರು ಐವತ್ತಕ್ಕೆ ಇಡೀ ಮಹಡಿಯ ವಿದ್ಯುತ್ ಹೋಯಿತು. ಹೋಟೆಲಿನವರು ಬಂದು ನೋಡಿ, ಏನೂ ಕೇಳದೆ, ಫ್ಯೂಸ್ ಹಾಕಲು ಕೆಳಗೆ ಹೋದರು. ಉಳಿದ ಹತ್ತು ನಿಮಿಷ ಎಲ್ಲರೂ ಜೆರ್ಸಿಗಳನ್ನು ತಲೆಯ ಮೇಲೆ ಗಿರಗಿರ ಬೀಸುತ್ತಾ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡಿದರು.

ವಿಲ್ಮಾ ಯಾರಿಗೆ ಯಾವುದು ಎಂದು ಅಳತೆ ಪಟ್ಟಿ ಹಿಡಿಯದೆ ಹೇಳಿದರು; ಇಪ್ಪತ್ತನಾಲ್ಕು ಮೈಗಳ ಅಳತೆ ಅವರ ಬೆರಳಲ್ಲಿದೆ. ಅತಿ ಚಿಕ್ಕ ಜೆರ್ಸಿ ಮೀಸಲು ಆಟಗಾರನೊಬ್ಬನ ಪಕ್ಕೆಲುಬಿನವರೆಗೆ ಮಾತ್ರ ಇಳಿಯಿತು. "ನಿನ್ನನ್ನ ಆಡಿಸಲ್ಲ," ಎಂದರು ಪ್ರಾಂಗರ್. "ಕೂತ್ಕೋ. ಜೋರಾಗಿ ಉಸಿರಾಡ್ಬೇಡ." ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ವಿಲ್ಮಾ ಸ್ಕೋರು ಮೇಜಿನ ಮುಂದೆ ನಿಂತು ಹನ್ನೆರಡು ಹೆಸರು, ಹನ್ನೆರಡು ಸಂಖ್ಯೆಗಳನ್ನು ಒಂದೊಂದಾಗಿ ಓದಿ ಬರೆಸಿದರು. ಕೊನೆಯದು, "ಎಂಬ್ರಿ, ನಲವತ್ತನಾಲ್ಕು." ಮೇಜಿನವರು ಗಡಿಯಾರ ನೋಡಿ ಗೆರೆ ಎಳೆದರು.

ಆಮೇಲೆ ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಹದಿನಾಲ್ಕು ವರ್ಷಗಳಿಂದ, ಗಂಡಸರ ಟೂರ್ನಿ ಪಂದ್ಯ ನಡೆಯುವ ಹೊತ್ತಿನಲ್ಲಿ ಅವರು ಹೆಂಗಸರ ಜೆರ್ಸಿಗಳನ್ನು ಒಗೆಯುತ್ತಿದ್ದರು. ಈಗ ಒಗೆಯಬೇಕಾದ ಹನ್ನೆರಡೂ ಅಂಗಣದ ಮೇಲಿದ್ದವು. ಬ್ರಿಟಾ ಅವರ ತೋಳು ಹಿಡಿದು ಎರಡನೆಯ ಸಾಲಿನಲ್ಲಿ ಕೂರಿಸಿದಳು.

ಮೊದಲರ್ಧ ವಿಲ್ಮಾ ಚೆಂಡನ್ನು ನೋಡಲೇ ಇಲ್ಲ, ಹೊಲಿಗೆಗಳನ್ನೇ ನೋಡಿದರು. ಟೋಬಿ ಚೆಂಡಿಗೆ ಕೈ ಚಾಚಿದಾಗಲೆಲ್ಲ ಬ್ರಿಟಾ "ಕಂಕುಳು! ಕಂಕುಳು ನೋಡ್ಕೋ!" ಎಂದು ಕಿರುಚಿದಳು. ಎದುರಾಳಿ ಕಡೆಯವರು ಮೊದಲು ಅಣಕಿಸಿದರು, "ಅಕ್ಕಂದಿರ ಬಟ್ಟೆ ಚೆನ್ನಾಗಿದೆ ಕಣ್ರೋ!" ಅದಕ್ಕೆ ಹನ್ನೆರಡು ಹುಡುಗಿಯರೂ ಒಟ್ಟಿಗೆ ಎದ್ದುನಿಂತು, "ನಿಮಗೂ ಬೇಕಾ? ಮೊದಲು ಗೆದ್ದು ಬನ್ನಿ!" ಎಂದರು. ಎರಡನೆಯರ್ಧದಲ್ಲಿ, ಯಾವಾಗಲೆಂದು ತಿಳಿಯದಂತೆ, ವಿಲ್ಮಾ ಕೂಡ ಎದ್ದು ನಿಂತಿದ್ದರು. ಪ್ಲಮ್ ವ್ಯಾಲಿ ಮೂರು ಅಂಕಗಳಿಂದ ಗೆದ್ದಿತು. ಒಂದೇ ಒಂದು ಹೊಲಿಗೆ ಬಿಟ್ಟಿತ್ತು, ನಲವತ್ತನಾಲ್ಕರ ಎಡಗಂಕುಳಲ್ಲಿ, ಎರಡು ಅಂಗುಲ.

ಹೊರಬರುವಾಗ ಆರ್ನೆ ಎದುರಾದರು. ಸೋತ ಬೇಸರ ಮುಖದಲ್ಲಿತ್ತು, ಆದರೂ ಸುಮ್ಮನಿರಲಾಗಲಿಲ್ಲ. "ನಾಳೆ ನಿಮ್ಮ ಹುಡುಗ್ರಿಗೆ ಯಾರ ಜೊತೆ ಪಂದ್ಯ?"

"ಮೊದಲನೇ ಶ್ರೇಯಾಂಕದವರ ಜೊತೆ."

"ಅಂದ್ರೆ ನೀವು ಕೆಳಗಿನೋರು. ನೀಲಿ." ಆರ್ನೆ ತಲೆಯಾಡಿಸಿದರು. "ನಿನ್ನ ಪೆಟ್ಟಿಗೆ ಸರಿಯಾಗೇ ಇತ್ತು ಕಣಮ್ಮಾ. ಒಂದು ದಿನ ಮುಂಚೆ ಬಂತು, ಅಷ್ಟೆ."

ಸಂಜೆ ಏಳಕ್ಕೆ ಲಾಂಡ್ರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರ ತಂಡದ ಹನ್ನೆರಡು ಮಂದಿ, ಮೈಮೇಲಿನ ಜೆರ್ಸಿ ಕಳಚಿ ಕೋಟು ತೊಟ್ಟು, ತಾವೇ ಒಗೆಯುತ್ತೇವೆಂದು ಹಟ ಹಿಡಿದು ಬಂದಿದ್ದರು. ವಿಲ್ಮಾ ಸೂಜಿ ಬಾಯಲ್ಲಿ ಹಿಡಿದು ಹೊಲಿಗೆ ಮುಗಿಸಿದರು. ಟೋಬಿ ನಲವತ್ತನಾಲ್ಕನ್ನು ಅವರ ಕೈಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡು ಯಂತ್ರಕ್ಕೆ ಹಾಕಿದ. ಆಗ ಬ್ರಿಟಾ ಜನರ ನಡುವೆ ನುಸುಳಿಕೊಂಡು ಮುಂದೆ ಬಂದಳು.

"ತಡೀರಿ, ಮಿಸೆಸ್ ಕೆ. ನಾಳೆ ಸೆಮಿಫೈನಲ್. ಈ ಸಲ ನಾನು ನೋಡ್ಬೇಕು."

ವಿಲ್ಮಾ ಸೋಪಿನ ಅಳತೆ ಲೋಟವನ್ನು ಅವಳ ಕೈಗೆ ಕೊಟ್ಟರು. "ನೋಡೋದೇನು, ನೀನೇ ಹಾಕು. ಗೆರೆವರೆಗೆ ಮಾತ್ರ. ಜಾಸ್ತಿ ಹಾಕಿದ್ರೆ ಮೈ ಕಡಿಯುತ್ತೆ."