ದೂರ ಇದ್ದವರ ಸರದಿ

ಕಮಲಾಕ್ಷ ರಾಯರ ಫೋನು ಕೆಟ್ಟಿರಲಿಲ್ಲ. ಕೆಟ್ಟಿರಬಹುದೆಂಬ ಅನುಮಾನದಿಂದ ಅವರು ಅದನ್ನು ಖಾರಘರ ಸ್ಟೇಷನ್ನಿನ ಹತ್ತಿರದ ಮೊಬೈಲ್ ಅಂಗಡಿಗೆ ಒಯ್ದು ತೋರಿಸಿಯೂ ಆಗಿತ್ತು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಸಬ್ ಬರಾಬರ್ ಹೈ, ಕಾಕಾ" ಎಂದು ವಾಪಸು ಕೊಟ್ಟ. ಎಲ್ಲ ಸರಿಯಿದ್ದೂ ಫೋನು ಬಾಯಿ ಬಿಡದಿದ್ದರೆ ಅಂಗಡಿಯವನಾದರೂ ಏನು ಮಾಡಿಯಾನು?

ಹಾಗೆ ನೋಡಿದರೆ ರಾಯರ ಅರ್ಧ ಆಯುಷ್ಯ ಫೋನಿನ ಪಕ್ಕದಲ್ಲೇ ಕಳೆದದ್ದು. ಥಾಣೆಯ ನೌಪಾಡಾದಲ್ಲಿ ಅವರದ್ದೊಂದು ಸಣ್ಣ ಹೋಟೆಲಿತ್ತು. ಬಾಗಿಲಲ್ಲೇ ಗಲ್ಲಾ, ಗಲ್ಲಾದ ಮೇಲೆ ಊದುಬತ್ತಿ, ಅದರ ಪಕ್ಕ ಕಪ್ಪು ಲ್ಯಾಂಡ್‌ಲೈನ್ ಫೋನು. ಬೆಳಗಿನಿಂದ ಅದು ಸುಮ್ಮನಿದ್ದದ್ದೇ ಇಲ್ಲ. "ಅಣ್ಣಾ, ಆಫೀಸಿಗೆ ಇಡ್ಲಿ ಪಾರ್ಸೆಲ್" ಎಂದು ಒಬ್ಬರು, "ಅಣ್ಣಾ, ನಮ್ಮವರು ಅಲ್ಲಿ ಕಾಫಿ ಕುಡೀತಾ ಕೂತಿದ್ದಾರಾ?" ಎಂದು ಇನ್ನೊಬ್ಬರು. ಹೆಂಡತಿ ರಮಾಮಣಿ ಕೂಡ ಮನೆಯಿಂದ ಅದೇ ನಂಬರಿಗೆ ಫೋನ್ ಮಾಡಿ, "ಊಟಕ್ಕೆ ಬರುವ ಅಂದಾಜು ಉಂಟಾ, ಇಲ್ವಾ?" ಎಂದು ಗದರುತ್ತಿದ್ದರು. ಈ ಫೋನೊಂದು ಬಾಯಿ ಮುಚ್ಚಿದರೆ ಸಾಕಪ್ಪಾ ಎಂದು ರಾಯರು ಎಷ್ಟೋ ಸಲ ಗೊಣಗಿದ್ದುಂಟು. ಹಾಗೆ ಗೊಣಗಿದ್ದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದರು.

ರಮಾಮಣಿ ತೀರಿಕೊಂಡ ಮರುವರ್ಷ ಹೋಟೆಲಿದ್ದ ಕಟ್ಟಡ ಹಳೆಯದಾಯಿತೆಂದು ಬಿಲ್ಡರ್ ಬಂದ, ಒಡೆದ. ಥಾಣೆಯಲ್ಲಿ ಇದೇನು ಹೊಸ ಸುದ್ದಿಯಲ್ಲ. ಮಗಳು ಶ್ರೀವಾಣಿ ಓಡಾಡಿ, ಗಾಳಿ ಚೆನ್ನಾಗಿದೆ, ಲಿಫ್ಟ್ ಇದೆ ಎಂದು ಖಾರಘರದ ಗುಡ್ಡದ ಬುಡದಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟ್ ಮಾಡಿಸಿಕೊಟ್ಟಳು. ಹೊಸ ಫೋನು, ಹೊಸ ನಂಬರು, ಎಲ್ಲ ಅವಳದೇ ವ್ಯವಸ್ಥೆ. ಅವಳಿರುವುದು ಡೊಂಬಿವಲಿಯಲ್ಲಿ, ಗಂಡ ಕಶ್ಯಪ ಮತ್ತು ಅತ್ತೆ ಮಾವನ ಜೊತೆ, ಕೈಕಾಲು ಚಾಚಲೂ ಜಾಗವಿಲ್ಲದ ಮನೆಯಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ತಪ್ಪದೆ ಫೋನ್ ಮಾಡುತ್ತಾಳೆ. ಉಳಿದಂತೆ ಆ ಫೋನಿಗೆ ಬರುವುದು ಸಾಲ ಬೇಕೇ ಎಂದು ಕೇಳುವ ಹುಡುಗಿಯರ ಕರೆ ಮಾತ್ರ. ರಾಯರು ಅವರ ಜೊತೆಯೂ ಎರಡು ಮಾತಾಡಲು ನೋಡುತ್ತಿದ್ದರು. ಅವರಿಗೇ ಪುರಸೊತ್ತಿರಲಿಲ್ಲ.

ಇಂಥ ದಿನಗಳಲ್ಲೇ, ಒಂದು ಭಾನುವಾರ ಬೆಳಿಗ್ಗೆ ರಾಯರು ಗುಡ್ಡದ ಬುಡದ ಬಯಲಿನಲ್ಲಿ ವಾಕಿಂಗ್ ಹೋಗುತ್ತಿದ್ದಾಗ ಎಲ್ಲಿಂದಲೋ ಒಂದು ಕಿತ್ತಳೆ ಬಣ್ಣದ ತಟ್ಟೆ ಹಾರಿಬಂದು ಅವರ ಚಪ್ಪಲಿಯ ಪಕ್ಕದಲ್ಲಿ ಬಿತ್ತು. ಹಿಂದೆಯೇ ಟ್ರ್ಯಾಕ್ ಪ್ಯಾಂಟಿನ ಹುಡುಗಿಯೊಬ್ಬಳು ಓಡಿಬಂದಳು. "ಅಂಕಲ್, ಲಗಾ ತೋ ನಹೀ?" ತಾಗಲಿಲ್ಲ ತಾನೇ ಎಂದು ಕೇಳಿದಳು.

"ಎಂಥದು ಮಾರಾಯ್ತಿ ಇದು, ತಟ್ಟೆ ಬಿಸಾಡುವುದಾ!" ಗಾಬರಿಯಲ್ಲಿ ರಾಯರ ಬಾಯಿಂದ ಊರಿನ ಮಾತೇ ಬಂತು.

ಹುಡುಗಿ ನಕ್ಕುಬಿಟ್ಟಳು. ಅವಳ ಹೆಸರು ತನ್ವಿ. ಅವಳ ಅಜ್ಜಿಯೂ ಉಡುಪಿ ಕಡೆಯವರಂತೆ, ಬಯ್ಯುವುದು ಹೀಗೇ ಅಂತೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತದೆ. ರಾಯರಿಗೆ ಅಷ್ಟೇ ಸಾಕಾಗಿತ್ತು. ಅವರು ಕನ್ನಡದಲ್ಲಿ ಕೇಳುತ್ತಾ ಹೋದರು, ಅವಳು ಹಿಂದಿಯಲ್ಲಿ ಹೇಳುತ್ತಾ ಹೋದಳು.

ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫ್ ಎಂದರೆ ದೊಡ್ಡವರು ಕೋಲು ಹಿಡಿದು ಆಡುವುದಲ್ಲವೇ ಎಂದರೆ, ಹೌದು, ಆದರೆ ಇದರಲ್ಲಿ ಕೋಲೂ ಇಲ್ಲ, ಚೆಂಡೂ ಇಲ್ಲ, ಗುಂಡಿಯೂ ಇಲ್ಲ. ಚೆಂಡಿನ ಬದಲು ಈ ಡಿಸ್ಕು. ಸಮುದ್ರತೀರದಲ್ಲಿ ಮಕ್ಕಳು ಎಸೆದಾಡುವ ತಟ್ಟೆಗಿಂತ ಇದು ಚಿಕ್ಕದು, ತೂಕ ಮಾತ್ರ ಜಾಸ್ತಿ. ದೂರ ಹಾರಲು ತೆಳು ಅಂಚಿನದೊಂದು, ಹತ್ತಿರದಿಂದ ನಿಧಾನ ಹಾಕಲು ದಪ್ಪ ಅಂಚಿನದೊಂದು. ಗುಂಡಿಯ ಬದಲು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದ ಬುಟ್ಟಿ. ಬುಟ್ಟಿಯ ಮೇಲೆ ಸುತ್ತ ಇಳಿಬಿಟ್ಟ ಸರಪಳಿಗಳು. ಡಿಸ್ಕು ಸರಪಳಿಗೆ ಬಡಿದು ಝಲ್ಲೆಂದು ಬುಟ್ಟಿಯೊಳಗೆ ಬಿದ್ದರೆ ಆಯಿತು. ಒಂದೇ ಎಸೆತಕ್ಕೆ ಬೀಳುವುದಿಲ್ಲವಲ್ಲ, ಆಗ ಬಿದ್ದ ಜಾಗಕ್ಕೇ ನಡೆದುಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ತನ್ವಿ ಮತ್ತು ಅವಳ ಗೆಳೆಯರಾದ ಮನೀಷ್, ಕೀರ್ತನ್ ಮೂವರೂ ವಾಶಿಯ ಒಂದೇ ಆಫೀಸಿನವರು. ಭಾನುವಾರ ಬೆಳಿಗ್ಗೆ ಮಡಚುವ ಹಳದಿ ಬುಟ್ಟಿಗಳನ್ನು ಕಾರಿನಲ್ಲಿ ತಂದು ಬಯಲಿನ ಅಲ್ಲಲ್ಲಿ ನಿಲ್ಲಿಸಿಕೊಂಡು ಆಡುತ್ತಿದ್ದರು.

ಅವಳು ಡಿಸ್ಕನ್ನು ತಿರುಗಿಸಿ ಅಡಿಭಾಗ ತೋರಿಸಿದಳು. ಮಾರ್ಕರಿನಲ್ಲಿ ಅವಳ ಹೆಸರು, ಫೋನ್ ನಂಬರು. ಪೊದೆಯಲ್ಲೋ ಹುಲ್ಲಿನಲ್ಲೋ ಕಳೆದುಹೋದರೆ, ಸಿಕ್ಕಿದವರು ಇದಕ್ಕೆ ಫೋನ್ ಮಾಡಿ ಕೊಡಬೇಕು. ಆಡುವವರೆಲ್ಲ ಪಾಲಿಸುವ ಪದ್ಧತಿಯಂತೆ.

"ಸಿಕ್ಕಿದವರು ಮಾಡ್ತಾರಾ?" ರಾಯರು ಕೇಳಿದರು.

"ಕರ್ನಾ ಹೀ ಪಡ್ತಾ ಹೈ, ಅಂಕಲ್," ಅಂದಳು. ಮಾಡಲೇಬೇಕು.

ಮುಂದಿನ ಭಾನುವಾರ ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾಕಿಂಗಿಗೆ ಹೋದರು. ಅದರ ಮುಂದಿನ ವಾರ ಮನೀಷ್ ತನ್ನ ಹಳೆಯ ನೀಲಿ ಡಿಸ್ಕೊಂದನ್ನು, ಅಂಚು ಸ್ವಲ್ಪ ಒಡೆದದ್ದು, ಇದು ನಿಮಗೇ ಇರಲಿ ಎಂದು ಕೊಟ್ಟ. ತನ್ವಿ ಮಾರ್ಕರ್ ಚಾಚಿದಳು. ರಾಯರು ಹೆಸರು ಬರೆದು, ಅದರ ಕೆಳಗೆ ನಂಬರನ್ನು ಒಂದೇ ಉಸಿರಿಗೆ ಬರೆದುಬಿಟ್ಟರು. ಪಾರ್ಸೆಲ್ ಕವರುಗಳ ಮೇಲೆ ಬರೆದೂ ಬರೆದೂ ಪಳಗಿದ ಕೈ, ಅದಕ್ಕೆ ಯೋಚನೆ ಬೇಕಿರಲಿಲ್ಲ.

ಆಟ ಮಾತ್ರ ಅವರಿಗೆ ಒಲಿಯಲಿಲ್ಲ. ಎಷ್ಟೇ ನೇರ ಎಸೆದರೂ ಡಿಸ್ಕು ಕೊನೆಯಲ್ಲಿ ಎಡಕ್ಕೆ ವಾಲಿ ಬೇಗನೆ ನೆಲ ಹಿಡಿಯುತ್ತಿತ್ತು. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿತ್ತು. ಎಲ್ಲರೂ ಒಂದೊಂದು ಸಲ ಎಸೆದಾದ ಮೇಲೆ, ಬುಟ್ಟಿಯಿಂದ ಯಾರ ಡಿಸ್ಕು ಅತಿ ದೂರದಲ್ಲಿದೆಯೋ ಅವರೇ ಮೊದಲು ಎಸೆಯಬೇಕು. ಅವರು ಎಸೆಯುವ ತನಕ ಉಳಿದವರು ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ. ಅತಿ ದೂರದ ಡಿಸ್ಕು ಯಾವಾಗಲೂ ರಾಯರದ್ದೇ. ಆದರೆ ಗಿರಾಕಿಗಳ ಊಟ ಮುಗಿಯದೆ ತಾನು ಎಲೆ ಹಾಕಿಕೊಳ್ಳದ ಹೋಟೆಲಿನವರಿಗೆ ಮೊದಲ ಸರದಿ ತನ್ನದೆಂದರೆ ಹೇಗೆ ಒಗ್ಗಬೇಕು? ಅವರು ಬದಿಗೆ ಸರಿದು, ಕೈಯನ್ನು ಬುಟ್ಟಿಯ ಕಡೆ ಚಾಚಿ, "ನೀವು ಮೊದಲು, ನೀವು ಮೊದಲು" ಎನ್ನುತ್ತಿದ್ದರು. ಆ ಮೂವರು ಅಲುಗದೆ ನಿಂತಿರುತ್ತಿದ್ದರು. ಇವರು ಕಾಯುವುದು, ಅವರೂ ಕಾಯುವುದು. ಕೊನೆಗೆ ಕೀರ್ತನ್ ಗಂಭೀರ ಮುಖ ಮಾಡಿ, "ಅಂಕಲ್, ಹೀಗಾದರೆ ಸೋಮವಾರ ಆಗ್ತದೆ" ಎಂದು ಹಿಂದಿಯಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಟ ಮುಗಿದ ಮೇಲೆ ಮಾತ್ರ ರಾಯರಿಗೆ ಕಷ್ಟವಾಗುತ್ತಿತ್ತು. ಮೂವರೂ ಬುಟ್ಟಿ ಮಡಚಿ, "ಬಾಯ್ ಅಂಕಲ್" ಎಂದು ಕಾರು ಹತ್ತಿದರೆ ಬಯಲು ಇದ್ದಕ್ಕಿದ್ದಂತೆ ಬರಿದಾಗುತ್ತಿತ್ತು. ಇನ್ನು ಮಾತು ಮುಂದಿನ ಭಾನುವಾರಕ್ಕೇ. ರಾಯರು ಯಾವ ಬಿಲ್ಡಿಂಗಿನವರು, ಅವರ ಫೋನು ಯಾವುದು ಎಂದು ಯಾರೂ ಕೇಳಿರಲಿಲ್ಲ. ತಪ್ಪೇನಲ್ಲ, ಬೆಳಿಗ್ಗೆ ಬಯಲಲ್ಲಿ ಸಿಗುವ ಮುದುಕರ ವಿಳಾಸ ಯಾರು ಕೇಳುತ್ತಾರೆ?

ಜೂನ್ ಹತ್ತಿರ ಬಂತು. ಗುಡ್ಡದ ಮೇಲೆ ಮೋಡ ಕವಿದಿದ್ದ ದಿನ ಮನೀಷ್, "ಇನ್ನು ಮಳೆ ನಿಂತ ಮೇಲೆಯೇ" ಎಂದ. ಮಳೆ ನಿಂತ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಹೇಳಲಿಲ್ಲ. ಕೇಳಬೇಕೆಂದು ರಾಯರ ನಾಲಿಗೆ ತುದಿಗೆ ಬಂದಿತ್ತು, ಕೇಳಲಿಲ್ಲ. ಅವರ ಕಡೆ ಮದುವೆಯಿರಲಿ, ಪೂಜೆಯಿರಲಿ, ಹೇಳಿಕೆ ಬರದೆ ಹೋಗುವ ಕ್ರಮವಿಲ್ಲ. ಮನೆಗೆ ಬಂದೋ ಫೋನ್ ಮಾಡಿಯೋ, ಇಂಥ ದಿನ ನೀವು ಬರಬೇಕು ಎಂದು ಬಾಯಿಬಿಟ್ಟು ಕರೆಯಬೇಕು. ಕರೆಯದಿದ್ದರೆ ಒಡಹುಟ್ಟಿದವರ ಮನೆಯ ಊಟವಾದರೂ ಇಲ್ಲ. ಕರೆಸಿಕೊಳ್ಳದೆ ನುಗ್ಗಿ, ಇವರು ಯಾಕೆ ಬಂದರೋ ಎಂಬ ಮುಖವನ್ನು ಆ ಮಕ್ಕಳಲ್ಲಿ ನೋಡುವುದಕ್ಕಿಂತ ಮನೆಯಲ್ಲಿ ಕೂರುವುದೇ ವಾಸಿ ಎನಿಸಿತು.

ಆಗ ಅವರಿಗೊಂದು ಉಪಾಯ ಹೊಳೆಯಿತು. ಹೇಳಿಕೊಳ್ಳಲು ನಾಚಿಕೆಯಾಗುವಂಥ ಉಪಾಯ. ಮೂವರೂ ಬ್ಯಾಗು ಕಟ್ಟುತ್ತಿದ್ದಾಗ ಅವರು ಬಯಲಿನ ತುದಿಯ ಲಂಟಾನ ಪೊದೆಯವರೆಗೆ ನಡೆದು, ನೀಲಿ ಡಿಸ್ಕನ್ನು ಅಂಚು ಮಾತ್ರ ಕಾಣುವಂತೆ ಅದರೊಳಗೆ ಸಿಕ್ಕಿಸಿಟ್ಟು, ಸದ್ದಿಲ್ಲದೆ ಮನೆಗೆ ಹೊರಟರು. ಆ ಮೂವರು ಕಳೆದ ಡಿಸ್ಕುಗಳಿಗಾಗಿ ಒಂದು ಸುತ್ತು ಹುಡುಕದೆ ಹೊರಡುವವರಲ್ಲ, ಯಾರಿಗಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದವರು ಫೋನ್ ಮಾಡಲೇಬೇಕು. ಅದೇ ಹೇಳಿಕೆ.

ಮಳೆ ಹಿಡಿಯಿತು. ಗುಡ್ಡದಿಂದ ನೀರು ಬಿಳಿ ಗೆರೆಗಳಾಗಿ ಇಳಿಯತೊಡಗಿತು. ರಾಯರು ಫೋನನ್ನು ಸ್ನಾನಕ್ಕೆ ಹೋಗುವಾಗಲೂ ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು. ಮಿಕ್ಸರ್ ಹಾಕಿದರೆ ರಿಂಗ್ ಕೇಳಿಸದೆ ಹೋದೀತೆಂದು ಚಟ್ನಿ ಮಾಡುವುದನ್ನೇ ಬಿಟ್ಟರು. ಒಂದು ಭಾನುವಾರ ಶ್ರೀವಾಣಿ ಫೋನ್ ಮಾಡಿ, ಕಶ್ಯಪನ ನೆಗಡಿ, ಲೋಕಲ್ ಟ್ರೇನಿನ ರಶ್ಶು ಎಂದು ಸಾವಕಾಶ ಹೇಳುತ್ತಿದ್ದಾಗ ರಾಯರಿಗೆ ಚಡಪಡಿಕೆ ಶುರುವಾಯಿತು.

"ಇಡ್ತೇನೆ ಮಗಾ. ಯಾರಾದ್ರೂ ಫೋನ್ ಮಾಡುವವರಿದ್ರೆ ಲೈನ್ ಸಿಕ್ಲಿಕ್ಕಿಲ್ಲ."

"ಯಾರು ಅಪ್ಪಾ?"

ರಾಯರು ಕಿಟಕಿಯಾಚೆ ಮಳೆಯಲ್ಲಿ ಮಸುಕಾದ ಬಯಲನ್ನು ನೋಡಿದರು. ಆ ಕಡೆಯಿಂದ ಶ್ರೀವಾಣಿ ಮೆತ್ತಗೆ, "ಸರಿ, ಇಡಿ ಅಪ್ಪಾ" ಅಂದಳು. ಯಾರು ಎಂದು ಮತ್ತೆ ಕೇಳದೆ ಬಿಟ್ಟಳಲ್ಲ, ಅದೇ ರಾಯರಿಗೆ ಹೆಚ್ಚು ನೋವಾಯಿತು. ಅಂದು ಅವರು ಅನ್ನಕ್ಕೆ ಇಟ್ಟ ಕುಕ್ಕರನ್ನು ಆರಿಸಿ, ಹಾಗೇ ಮಲಗಿಬಿಟ್ಟರು.

ಗಣಪತಿ ಬಂದು ಹೋದ. ನವರಾತ್ರಿಯ ಗರ್ಬಾ ಮುಗಿಯಿತು. ಅಕ್ಟೋಬರಿನ ಬಿಸಿಲು ಏರಿದ ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತ ರಾಯರಿಗೆ ಕೆಳಗೆ ಬಯಲಿನಲ್ಲಿ ಹಳದಿ ಚುಕ್ಕೆಗಳು ಕಂಡವು. ಬುಟ್ಟಿಗಳು! ಅವುಗಳ ನಡುವೆ ಓಡಾಡುವ ಮೂವರು.

ಶುರು ಮಾಡಿದ್ದಾರೆ. ಹೇಳಿಕೆ ಬರಲಿಲ್ಲ.

ರಾಯರಿಗೆ ಸಿಟ್ಟು ಬಂತು, ಸಿಟ್ಟು ಮಾಡಲು ತಾನು ಯಾರು ಎಂದು ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು. ಒಳಗೆ ಹೋಗಿ ಕೂತರು. ಗೋಡೆಯ ಮೇಲೆ ರಮಾಮಣಿಯ ಫೋಟೋ, ಮೇಜಿನ ಮೇಲೆ ಫೋನು, ಎರಡೂ ಸುಮ್ಮನಿದ್ದವು. ಕಾಫಿ ಆರಿ ತಣ್ಣಗಾಯಿತು. ಆ ಮನೆಯಲ್ಲಿ ಇನ್ನು ಒಂದು ಘಳಿಗೆ ಕೂತರೆ ಉಸಿರು ನಿಂತೀತು ಎನಿಸಿತು. ಹೇಳಿಕೆಯೂ ಬೇಡ, ಮಣ್ಣೂ ಬೇಡ ಎಂದುಕೊಂಡು ಫೋನನ್ನು ಜೇಬಿಗೆ ಸೇರಿಸಿ, ಚಪ್ಪಲಿ ಮೆಟ್ಟಿ, ಇಸ್ತ್ರಿಯಿಲ್ಲದ ಅಂಗಿಯಲ್ಲೇ ಲಿಫ್ಟಿನ ಗುಂಡಿ ಒತ್ತಿದರು.

ಬಯಲಿನ ಅಂಚಿಗೆ ಬಂದು ನಿಂತದ್ದೇ ತನ್ವಿ ಓಡಿಬಂದಳು. ಎಲ್ಲಿಗೆ ಹೋಗಿದ್ದಿರಿ ನೀವು, ನಿಮ್ಮ ನಂಬರು ಹತ್ತುವುದೇ ಇಲ್ಲವಲ್ಲ ಎಂದು ಹಿಂದಿಯಲ್ಲಿ ಒಂದೇ ಸಮ ಜಗಳಕ್ಕೆ ನಿಂತಳು. ಜೂನಿನಲ್ಲೇ ಡಿಸ್ಕು ಸಿಕ್ಕಿತ್ತಂತೆ. ಅಂದು ಸಂಜೆಯೇ ಫೋನ್ ಮಾಡಿದ್ದಳಂತೆ. ಇವತ್ತಿನ ಆಟಕ್ಕೆ ಕರೆಯಲು ಹೋದ ವಾರ ಮೂವರೂ ಸರದಿಯಲ್ಲಿ ಪ್ರಯತ್ನಿಸಿದ್ದರಂತೆ. ಪ್ರತಿ ಸಲವೂ, ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಾರೋ ಹೆಂಗಸು ಮರಾಠಿಯಲ್ಲಿ ಹೇಳುತ್ತಾಳಂತೆ. ಅವಳು ಬ್ಯಾಗಿನಿಂದ ನೀಲಿ ಡಿಸ್ಕನ್ನು ತೆಗೆದು ಅವರ ಕೈಗಿಟ್ಟಳು.

ರಾಯರು ತಿರುಗಿಸಿ ನೋಡಿದರು. ಅವರದೇ ದುಂಡು ಅಕ್ಷರ. ಅದು ನೌಪಾಡಾದ ಹೋಟೆಲಿನ ನಂಬರು.

ಅವರಿಗೆ ಕಣ್ಣು ತುಂಬಿಬಂತು. ಆ ಕಪ್ಪು ಫೋನಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಲ್ಲಿಗೆ ಇವರು ಫೋನ್ ಮಾಡಿ ಕರೆದಿದ್ದಾರೆ, ತಾನು ಇಲ್ಲಿ ಚಟ್ನಿಯನ್ನೂ ಬಿಟ್ಟು ಕಾದಿದ್ದೇನೆ.

"ಸರಿ ನಂಬರ್ ಹೇಳಿ ಅಂಕಲ್," ತನ್ವಿ ಮೊಬೈಲ್ ತೆಗೆದು, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

ರಾಯರು ಜೇಬಿನಿಂದ ಫೋನು ತೆಗೆದು ನೋಡಿದರು. "ನನಗೆ ಗೊತ್ತಿಲ್ಲ ಮಗಾ. ಅದನ್ನು ಯಾರೂ ಕೇಳಿದ್ದೇ ಇಲ್ಲ."

ತನ್ವಿ ನಗಲಿಲ್ಲ. ತನ್ನ ಕಿತ್ತಳೆ ಡಿಸ್ಕನ್ನು ಬೋರಲು ಮಾಡಿ ಅವರ ಮುಂದೆ ಹಿಡಿದಳು. ರಾಯರು ಅದರ ಮೇಲಿದ್ದ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿದರು. ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅವಳು ಅವರ ಎದುರಲ್ಲೇ ಹೆಸರು ಸೇರಿಸಿಕೊಂಡಳು.

ಅಷ್ಟರಲ್ಲಿ ಕೀರ್ತನ್ ಕೂಗಿದ. ಆ ಡಿಸ್ಕು ಪೊದೆಯ ಹತ್ತಿರ ಬಿದ್ದಿತ್ತಲ್ಲ, ನಿಯಮ ಎಂದರೆ ನಿಯಮ, ಅಂಕಲ್ ಅಲ್ಲಿಂದಲೇ ಎಸೆಯಬೇಕು! ರಾಯರು ತಲೆ ತಗ್ಗಿಸಿಕೊಂಡು ಬಯಲಿನ ತುದಿಯ ಲಂಟಾನ ಪೊದೆಯವರೆಗೆ ನಡೆದು ತಿರುಗಿ ನಿಂತರು. ಬುಟ್ಟಿ ಬಹಳ ದೂರದಲ್ಲಿತ್ತು. ಮೂವರೂ ಮಾತು ನಿಲ್ಲಿಸಿ ಅವರ ಕಡೆಗೇ ತಿರುಗಿ ನಿಂತಿದ್ದರು.

ಅಭ್ಯಾಸಬಲದಿಂದ ರಾಯರ ಕೈ ಬುಟ್ಟಿಯ ಕಡೆ ಚಾಚಿಕೊಂಡಿತು, ನೀವು ಮೊದಲು ಎನ್ನಲು. ಅರ್ಧದಲ್ಲೇ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಅದೇ ಕೈಯಿಂದ ಎಸೆದರು.

ನೀಲಿ ಡಿಸ್ಕು ಎದ್ದು, ಬಿಸಿಲಿನಲ್ಲಿ ಸ್ವಲ್ಪ ದೂರ ನೆಟ್ಟಗೆ ಹೋಗಿ, ಎಂದಿನಂತೆ ಎಡಕ್ಕೆ ವಾಲಿ, ಬಯಲಿನ ಅರ್ಧದಲ್ಲೇ ಬಿತ್ತು. ಈಗಲೂ ಅದೇ ಎಲ್ಲರಿಗಿಂತ ದೂರ. ರಾಯರು ಕಣ್ಣೊರೆಸಿಕೊಂಡು ಅದರ ಕಡೆ ನಡೆದರು. ಉಳಿದವರು ಅಲುಗಲಿಲ್ಲ, ಸರದಿ ಇನ್ನೂ ರಾಯರದ್ದೇ ಇತ್ತು.